ತೂರುವ ಕೈ, ಕೂಗುವ ಇನಾಮು: ಹಾಕಿ ಪ್ರೇಕ್ಷಕರ ಚರಿತ್ರೆ, ಕಲಬುರಗಿಯಿಂದ ಕಂಡಂತೆ

ಹೋಳಿ ಹುಣ್ಣಿಮೆ ಕಳೆದು ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಸಾಗುವಾಗ ಮಂದಿ ಉತ್ತತ್ತಿ, ಬಾಳೆಹಣ್ಣು ತೂರುತ್ತಾರೆ. ಸುಮ್ಮನೆ ನೋಡಿ ಹೋದರೆ ಅವರಿಗೆ ಸಮಾಧಾನವಿಲ್ಲ. ಕೈಯಿಂದ ಏನಾದರೂ ತೇರಿಗೆ ಮುಟ್ಟಬೇಕು. ಅಮೆರಿಕದ ಕಾಲೇಜು ಹಾಕಿಯ ಚರಿತ್ರೆ ಓದುವಾಗ ಈ ಕೈ ನೆನಪಾಗುತ್ತದೆ.

ಅಲ್ಲಿನದು ಮಂಜುಗಡ್ಡೆಯ ಮೇಲಿನ ಹಾಕಿ. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹಾರ್ವರ್ಡ್ ತಂಡ ಬಂದರೆ ವಿದ್ಯಾರ್ಥಿಗಳು ಅಂಗಳಕ್ಕೆ ಮೀನು ಎಸೆಯುತ್ತಾರೆ. 1970ರ ದಶಕದಲ್ಲಿ ಹಾರ್ವರ್ಡ್ ಕಡೆಯವರು ಕೋಳಿಯನ್ನು ತಂದು ಕಾರ್ನೆಲ್‌ನ ಕೃಷಿ ಶಿಕ್ಷಣವನ್ನು ಹಂಗಿಸಿದ್ದಕ್ಕೆ ಅದು ಉತ್ತರ. ಎದುರಾಳಿಗಳ ಹೆಸರು ಹೇಳುವಾಗ ಗ್ಯಾಲರಿಯವರು ದಿನಪತ್ರಿಕೆ ಬಿಡಿಸಿ, ನೀವು ನಮಗೆ ಲೆಕ್ಕಕ್ಕಿಲ್ಲ ಎಂಬಂತೆ ಓದುತ್ತ ಕೂರುತ್ತಾರೆ. ಇದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಹೇಳಿ ಮಾಡಿಸಿದ್ದು 1993ರಲ್ಲಿ, ಕೆನಡಾದ ಕಾಮ್ಲೂಪ್ಸ್‌ನಲ್ಲಿ: ನಮ್ಮವರ ಮೊದಲ ಗೋಲಿಗೆ ಕರಡಿ ಗೊಂಬೆ ಎಸೆಯಿರಿ, ಮಕ್ಕಳಿಗೆ ಹಂಚುತ್ತೇವೆ ಎಂದು ಬ್ಲೇಜರ್ಸ್ ತಂಡ ಕರೆ ಕೊಟ್ಟಿತು. ಆಮೇಲೆ ಊರೂರಿನ ತಂಡಗಳು ಆ ದಾರಿ ಹಿಡಿದವು.

ಟೀ ಶರ್ಟು, ಟೋಪಿ, ಅದೃಷ್ಟ ಚೀಟಿ ಕೊಟ್ಟು ಪ್ರೇಕ್ಷಕರನ್ನು ಕರೆತರುವುದು ಅಲ್ಲಿನ ಕ್ರೀಡಾ ವ್ಯವಹಾರದ ರೂಢಿ. ಕಲಬುರಗಿ ಸೀಮೆಯ ಜಾತ್ರೆ ಕುಸ್ತಿಯಲ್ಲಿ ಕೊಡುವ ಕೈ ಬೇರೆ. ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡೆಯ ಕುಸ್ತಿವರೆಗೆ ಹಲಗೆ ಬಡಿಯುತ್ತಲೇ ಇರುತ್ತದೆ. ಪಟ್ಟು ಮೆಚ್ಚಿದವನು ಕೂತಲ್ಲಿಂದಲೇ ಎದ್ದು ಇನಾಮು ಸಾರುತ್ತಾನೆ. ಅವನ ಹೆಸರು, ಊರು, ಮೊತ್ತ ಮೈಕಿನಲ್ಲಿ ಮೊಳಗುತ್ತವೆ. ಇಲ್ಲಿ ನೋಡುಗನೇ ದಾನಿ. ಪ್ರೇಕ್ಷಕರ ಚರಿತ್ರೆ ಬರೆಯುವವರು ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು.

1956ರ ನವೆಂಬರ್ 1ರಂದು ಕಲಬುರಗಿಯ ಜೊತೆಗೇ ಹೊಸ ರಾಜ್ಯಕ್ಕೆ ಸೇರಿದ ಕೊಡಗು, ಹಾಕಿಗೆ ಮಂದಿ ಕೂಡಿಸಲು ಮತ್ತೊಂದು ದಾರಿ ಕಂಡುಕೊಂಡಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಕೊಡವ ಕೌಟುಂಬಿಕ ಹಾಕಿ ಆರಂಭಿಸಿದಾಗ ಬಂದವು 60 ತಂಡಗಳು. ಪ್ರತಿ ಒಕ್ಕಕ್ಕೆ, ಅಂದರೆ ಕೊಡವ ಮನೆತನಕ್ಕೆ, ಒಂದು ತಂಡ. ಹೆಂಗಸರು, ಮಕ್ಕಳು, ಹಿರಿಯರು ಕೂಡಿಯೇ ಆಡಬಹುದು. ಒಂದೊಂದು ವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಪಂದ್ಯಾವಳಿಗೆ ಆ ಮನೆತನದ ಹೆಸರೇ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ ಅವು 396. ಅಂಗಳದಲ್ಲಿ ಓಡುವವಳು ಸೊಸೆ, ಗೋಲು ಕಾಯುವವನು ಅಣ್ಣನ ಮಗ. ಅಂಥಲ್ಲಿ ಚಪ್ಪಾಳೆ ತಟ್ಟಿಸಲು ಉಡುಗೊರೆ ಬೇಕಾಗುವುದಿಲ್ಲ.

ಒಕ್ಕದ ಈ ಕಟ್ಟುಪಾಡನ್ನು ಕಲಬುರಗಿಗೆ ಕಿತ್ತು ತಂದು ನೆಡಲಾಗದು. ಇಲ್ಲಿ ಆಟಗಾರನನ್ನು ಗುರುತಿಸುವುದು ಊರಿನಿಂದ. ಪೈಲ್ವಾನನ ಹೆಸರಿಗಿಂತ ಮುಂಚೆ ಅವನ ಊರಿನ ಹೆಸರು ಬರುತ್ತದೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದ ಮೇಲೆ ಈ ಭಾಗದ ಅಂತರ ಕಾಲೇಜು ಆಟಗಳಿಗೆ ತಮ್ಮದೇ ಕೇಂದ್ರ ಸಿಕ್ಕಿತು. ಆದರೆ ಅಲ್ಲಿ ಹುಡುಗರ ಎದೆಯ ಮೇಲಿರುವುದು ಕಾಲೇಜಿನ ಹೆಸರು. ಊರಿನವರು ಕಾಲೇಜಿನ ಹೆಸರು ಕೇಳಿ ಬಸ್ಸು ಹತ್ತುವವರಲ್ಲ.

ಹುಮನಾಬಾದ್ ದಾರಿಯ ಕಮಲಾಪುರವನ್ನೇ ನೋಡಿ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಊರಿಗೆ ಅದರ ಹೆಮ್ಮೆಯೂ ಇದೆ. ಕಾಲೇಜು ಹಾಕಿ ಪಂದ್ಯದ ಮೈಕಿನಲ್ಲಿ ‘ಕಮಲಾಪುರದ ಹುಡುಗ’ ಎಂದು ಕೂಗಿ, ಗೋಲು ಹೊಡೆದವನಿಗೆ ಅದೇ ಊರಿನ ರೈತ ಒಂದು ಕೆಂಪು ಬಾಳೆಗೊನೆ ಇನಾಮು ಸಾರಿದರೆ, ಹಲಗೆಯವರನ್ನು ಅಂಗಳಕ್ಕೆ ಬೇರೆ ಕರೆಯಬೇಕಾಗಲಿಕ್ಕಿಲ್ಲ.