ಮುಠಾ ನದಿಯ ಮಗ್ಗುಲಲ್ಲಿ ಎರಂಡವಣೆ

ಪುಣೆಯ ಕನ್ನಡಿಗರಿಗೆ ಎರಂಡವಣೆ ಪರಿಚಿತ ಹೆಸರು. ಕನ್ನಡ ಸಂಘದ ಶಾಲೆ ಇಲ್ಲಿನ ಗಣೇಶನಗರದಲ್ಲಿದೆ. ಗಿರೀಶ ಕಾರ್ನಾಡರು 1974-75ರಲ್ಲಿ ನಿರ್ದೇಶಕರಾಗಿದ್ದ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೂಡ ಇದೇ ಭಾಗದಲ್ಲಿದೆ. ಉಳಿದಂತೆ ಇದು ಮನೆಗಳ ಬಡಾವಣೆ: ನೆರಳಿನ ಗಲ್ಲಿಗಳು, ಅಲ್ಲಲ್ಲಿ ಹಳೆಯ ಬಂಗಲೆ, ಬಂಗಲೆ ಕೆಡವಿ ಕಟ್ಟಿದ ಅಪಾರ್ಟ್‌ಮೆಂಟುಗಳು.

ಪೇಶ್ವೆಯವರ ಪುಣೆ ಮುಠಾ ನದಿಯ ಬಲದಂಡೆಯ ಪೇಠೆಗಳಲ್ಲಿತ್ತು. ಎಡದಂಡೆಯ ಎರಂಡವಣೆ ಊರಾಚೆಯ ಹಳ್ಳಿ. ಇಪ್ಪತ್ತನೆಯ ಶತಮಾನದಲ್ಲಿ ಸಂಸ್ಥೆಗಳು ಈ ಕಡೆಗೆ ಬಂದವು. 1906ರಲ್ಲಿ ಡೆಕ್ಕನ್ ಜಿಮಖಾನಾ, 1917ರಲ್ಲಿ ಭಾಂಡಾರಕರ ಸಂಶೋಧನ ಸಂಸ್ಥೆ, 1924ರಲ್ಲಿ ಲಾ ಕಾಲೇಜು. 1933ರಲ್ಲಿ ಕೊಲ್ಲಾಪುರದಿಂದ ಪ್ರಭಾತ್ ಫಿಲ್ಮ್ ಕಂಪನಿ ಬಂತು. ಪ್ರಭಾತ್ ರೋಡ್ ಅದರ ಹೆಸರನ್ನೇ ಉಳಿಸಿಕೊಂಡಿದೆ. ಪೇಠೆಯ ಇಕ್ಕಟ್ಟಿನ ವಾಡೆಗಳನ್ನು ಬಿಟ್ಟು ಬಂದ ವಕೀಲರು, ಪ್ರಾಧ್ಯಾಪಕರು ಇಲ್ಲಿ ಮನೆ ಕಟ್ಟಿದರು.

ನದಿಯ ಪಕ್ಕದಲ್ಲಿ ಇಷ್ಟು ಧೈರ್ಯವಾಗಿ ನೆಲೆಸಲು ಮೇಲ್ಗಡೆಯ ಖಡಕವಾಸಲಾ ಅಣೆಕಟ್ಟೂ ಒಂದು ಕಾರಣವಿರಬೇಕು. ಅದಕ್ಕೆ 1903ರಲ್ಲಿ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದವರು ನಮ್ಮ ಎಂ. ವಿಶ್ವೇಶ್ವರಯ್ಯನವರು. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ಹಿಡಿದಿಡುವುದು, ಮಿತಿ ಮೀರಿದರೆ ಹೊರಬಿಡುವುದು ಅವುಗಳ ಕೆಲಸ. ಲೆಕ್ಕವೆಲ್ಲ ಮಳೆಯ ನೀರಿನದು. ಮೇಲಿನ ಇನ್ನೊಂದು ಅಣೆಕಟ್ಟು ಒಡೆದು ಬರುವ ನೀರಿನದಲ್ಲ.

1961ರ ಜುಲೈ 12ರಂದು ಆದದ್ದು ಅದೇ. ಇನ್ನೂ ಪೂರ್ತಿಯಾಗದ ಪಾನಶೇತ್ ಅಣೆಕಟ್ಟು ಬೆಳಿಗ್ಗೆ ಒಡೆಯಿತು. ಹಿಂದಿನ ರಾತ್ರಿಯಿಡೀ ಸೈನಿಕರು ಮರಳಿನ ಚೀಲ ಪೇರಿಸಿದ್ದರೂ ಉಳಿಯಲಿಲ್ಲ. ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಕೂಡ ಕುಸಿಯಿತು. ಎರಡೂ ದಂಡೆಗಳ ತಗ್ಗು ಭಾಗ ಮುಳುಗಿತು. ಪೇಠೆಗಳಲ್ಲಿ ಸಾವಿರಾರು ಮನೆಗಳು ಹೋದವು. ಮನೆ ಕಳೆದುಕೊಂಡವರಿಗಾಗಿ ಸಹಕಾರನಗರ, ಗೋಖಲೆನಗರದಂಥ ಹೊಸ ಬಡಾವಣೆಗಳೇ ಎದ್ದವು. ಇಂದಿನ ಪುಣೆಯ ನಕ್ಷೆಯಲ್ಲಿ ಆ ಒಂದು ದಿನದ ಗುರುತು ಹೀಗೆ ಉಳಿದಿದೆ.

ಅಣೆಕಟ್ಟುಗಳನ್ನು ಮತ್ತೆ ಕಟ್ಟಿದರು. ವರಸಗಾಂವ್, ಟೇಮಘರ್ ಸೇರಿ ಮೇಲ್ಗಡೆ ನಾಲ್ಕಾದವು. ಊರೊಳಗಿನ ಮುಠಾ ವರ್ಷದ ಹೆಚ್ಚು ಕಾಲ ಚರಂಡಿಯಷ್ಟು ತೆಳುವಾಯಿತು. ಹರಿಯದ ನದಿ ಖಾಲಿ ಜಾಗದಂತೆ ಕಾಣುತ್ತದೆ. ಪಾತ್ರದಲ್ಲಿ ರಸ್ತೆ ಬಂತು, ವಾಹನ ನಿಲ್ಲಿಸುವ ಜಾಗ ಬಂತು, ಈಚೆಗೆ ಮೆಟ್ರೊ ಕಂಬಗಳೂ ಬಂದವು. ಎರಂಡವಣೆಯ ದಂಡೆಯಲ್ಲಿ ಮದುವೆಯ ಲಾನ್‌ಗಳು ಸಾಲುಗಟ್ಟಿದವು.

2024ರ ಜುಲೈ 25ರಂದು ಖಡಕವಾಸಲಾದಿಂದ ಸುಮಾರು 35,000 ಕ್ಯೂಸೆಕ್ ನೀರು ಬಿಟ್ಟರು. ಈ ಸಲ ಯಾವ ಅಣೆಕಟ್ಟೂ ಒಡೆದಿರಲಿಲ್ಲ. ಆದರೂ ಸಿಂಹಗಡ ರಸ್ತೆಯ ವಸತಿಗಳಿಗೆ ನೀರು ನುಗ್ಗಿತು. ಡೆಕ್ಕನ್ ಜಿಮಖಾನಾದ ಕೆಳಗಿನ ಪುಲಾಚಿ ವಾಡಿಯಲ್ಲಿ ತಿಂಡಿಯ ಕೈಗಾಡಿಯನ್ನು ನೀರಿನಿಂದ ಎಳೆದು ತರಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಅಲ್ಲಿಂದ ಏರು ಹತ್ತಿದರೆ ಪ್ರಭಾತ್ ರೋಡ್ ನಡೆದು ತಲುಪುವಷ್ಟು ಹತ್ತಿರ. ಈ ಊರಿನಲ್ಲಿ ನೆಲದ ಎತ್ತರವೂ ಒಂದು ಆಸ್ತಿ. ಅದು ಎಲ್ಲರ ಪಾಲಿಗೂ ಬಂದಿಲ್ಲ.

ಎರಂಡವಣೆಯಲ್ಲಿ ಮನೆ ಹುಡುಕುವವರು ಬಾಡಿಗೆ ಕೇಳುತ್ತಾರೆ, ಮೆಟ್ರೊ ಎಷ್ಟು ದೂರ ಎಂದು ಕೇಳುತ್ತಾರೆ. 1961ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದೂ ಕೇಳಬೇಕು. ಮನೆ ಕಟ್ಟಲು ಪರವಾನಗಿ ಕೊಡುವವರು ಅದನ್ನು ಮೊದಲೇ ಕೇಳಿಕೊಂಡಿರಬೇಕು.