ಮನೆಯೊಳಗಿನ ವಿಳಾಸ: 192.168.1.1ರ ಕಥೆ

ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿಗೆ ಆ ಹೆಸರು ಬಂದದ್ದು ಅಲ್ಲಿರುವ ಹೊಯ್ಸಳರ ಕಾಲದ ಜೈನ ಬಸದಿಗಳಿಂದ. ಊರೊಳಗೆ ನಿಂತು 'ಬಸದಿ ಪಕ್ಕದ ಮನೆ' ಎಂದರೆ ಸಾಕು, ಯಾರಾದರೂ ದಾರಿ ತೋರಿಸುತ್ತಾರೆ. ಆದರೆ ಮೈಸೂರಿನಿಂದ ಬರೆಯುವ ಕಾಗದದ ಮೇಲೆ ಅಷ್ಟೇ ಬರೆದರೆ? ಶ್ರವಣಬೆಳಗೊಳದಲ್ಲೂ ಬಸದಿಯಿದೆ, ಮೂಡುಬಿದಿರೆಯಲ್ಲೂ ಇದೆ. ಕಾಗದ ತಲುಪುವುದಿಲ್ಲ. ಒಂದೇ ವಿಳಾಸ ಊರೊಳಗೆ ಸರಿ, ಊರಾಚೆಗೆ ನಿರರ್ಥಕ.

ನಮ್ಮ ಮನೆಗಳ ಅಂತರಜಾಲ ಪೆಟ್ಟಿಗೆಯ ವಿಳಾಸವೂ ಇಂಥದ್ದೇ. ಮೋಡೆಮ್, ರೌಟರ್ ಅಥವಾ ವೈ-ಫೈ ಅಡಾಪ್ಟರಿನ ಹೊಂದಾಣಿಕೆ ಬದಲಿಸಲು ಬ್ರೌಸರಿನಲ್ಲಿ 192.168.1.1 ಎಂದೋ 192.168.0.1 ಎಂದೋ ಬರೆಯಬೇಕೆಂದು ಕೈಪಿಡಿ ಹೇಳುತ್ತದೆ. ಒಮ್ಮೊಮ್ಮೆ ಆ ಪುಟ ತೆರೆಯುವುದೇ ಇಲ್ಲ. ಏಕೆ? ಉತ್ತರಕ್ಕಾಗಿ ಸ್ವಲ್ಪ ಇತಿಹಾಸದತ್ತ ಹೊರಳೋಣ.

1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಅಂತರಜಾಲ ನಿಯಮಾವಳಿಯ ನಾಲ್ಕನೆಯ ಆವೃತ್ತಿ, ಪ್ರತಿ ಯಂತ್ರಕ್ಕೂ 32 ಬಿಟ್‌ಗಳ ವಿಳಾಸವನ್ನು ಗೊತ್ತುಪಡಿಸಿತು. ಅಂದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಅಂತರಜಾಲಕ್ಕೆ ಸೇರಿದ ಕಂಪ್ಯೂಟರುಗಳು ಹೆಚ್ಚಾಗಿ ವಿಶ್ವವಿದ್ಯಾಲಯ, ಸೈನ್ಯ ಮತ್ತು ಪ್ರಯೋಗಾಲಯಗಳಲ್ಲಿದ್ದ ಕಾಲಕ್ಕೆ ಇದು ಅಕ್ಷಯಪಾತ್ರೆಯೆನಿಸಿತು. ಹತ್ತೇ ವರ್ಷಗಳಲ್ಲಿ ಪಾತ್ರೆ ಬರಿದಾಗುವ ಸೂಚನೆ ಕಂಡಿತು.

1994ರ ಮಾರ್ಚಿನಲ್ಲಿ ಕೆಲವು ತಂತ್ರಜ್ಞರು ಆರ್‌ಎಫ್‌ಸಿ 1597 ಎಂಬ ದಾಖಲೆಯಲ್ಲಿ ಒಂದು ಸಲಹೆ ಮುಂದಿಟ್ಟರು: ಕೆಲವು ವಿಳಾಸಗಳನ್ನು ಯಾರಿಗೂ ಸ್ವಂತವಾಗಿ ಕೊಡದೆ 'ಖಾಸಗಿ' ಎಂದು ಮೀಸಲಿಡೋಣ, ಯಾರು ಬೇಕಾದರೂ ತಮ್ಮ ಆವರಣದೊಳಗೆ ಅವನ್ನು ಬಳಸಿಕೊಳ್ಳಲಿ. ಅದೇ ಜುಲೈನಲ್ಲಿ ಇನ್ನು ಕೆಲವರು ಆರ್‌ಎಫ್‌ಸಿ 1627ರ ಮೂಲಕ ಇದನ್ನು ಬಲವಾಗಿ ಆಕ್ಷೇಪಿಸಿದರು. ವಿಳಾಸವೆಂದರೆ ಜಗತ್ತಿಗೆಲ್ಲ ಒಂದೇ ಆಗಿರಬೇಕು. ಒಂದೇ ವಿಳಾಸವಿರುವ ಎರಡು ಜಾಲಗಳನ್ನು ಮುಂದೆ ಜೋಡಿಸಬೇಕಾಗಿ ಬಂದರೆ ಗತಿಯೇನು ಎಂಬುದು ಅವರ ಪ್ರಶ್ನೆ. ಆದರೂ ಕೊರತೆಯ ಒತ್ತಡವೇ ಗೆದ್ದಿತು. 1996ರ ಫೆಬ್ರವರಿಯ ಆರ್‌ಎಫ್‌ಸಿ 1918ರಲ್ಲಿ ಖಾಸಗಿ ವಿಳಾಸಗಳು ನೆಲೆಗೊಂಡವು. 192.168ರಿಂದ ಆರಂಭವಾಗುವ 65,536 ವಿಳಾಸಗಳು ಅವುಗಳಲ್ಲಿ ಒಂದು ಗುಂಪು.

ಇವಕ್ಕೆ ಜೊತೆಯಾದದ್ದು 1994ರ ಮೇ ತಿಂಗಳಲ್ಲಿ ಪ್ರಕಟವಾದ ವಿಳಾಸ ಬದಲಾವಣೆಯ ತಂತ್ರ, ಅಂದರೆ 'ನ್ಯಾಟ್'. ಮನೆಯವರ ಕಾಗದಗಳನ್ನೆಲ್ಲ ಒಬ್ಬರೇ ತಮ್ಮ ವಿಳಾಸದಿಂದ ಅಂಚೆಗೆ ಹಾಕಿ, ಬಂದ ಉತ್ತರಗಳನ್ನು ಅವರವರಿಗೆ ಹಂಚಿದಂತೆ ರೌಟರ್ ಕೆಲಸ ಮಾಡುತ್ತದೆ. ಮನೆಯೊಳಗಿನ ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ 'ಡಿಎಚ್‌ಸಿಪಿ' ನಿಯಮ 1993ರಲ್ಲೇ ಬಂದಿತ್ತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಒಂದು ಟೆಲಿಫೋನ್ ತಂತಿಗೆ ಒಂದು ಕಂಪ್ಯೂಟರು. ಮೋಡೆಮ್ಮಿಗೆ ತನ್ನದೇ ಪುಟವಿರಲಿಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಆರಂಭವಾದ ಮೇಲೆ ಮೋಡೆಮ್ ಎಂಬುದೇ ಪುಟ್ಟ ಕಂಪ್ಯೂಟರಾಗಿ, ತನ್ನ ಹೊಂದಾಣಿಕೆಯ ಪುಟವನ್ನು ತಾನೇ ಒದಗಿಸುವಂಥದು ಊರೂರಿನ ಮನೆಗಳನ್ನು ಸೇರಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪುಟ ತೆರೆಯದಿದ್ದರೆ ಮೊದಲು ನಮ್ಮ ಕಂಪ್ಯೂಟರಿನ ವಿಳಾಸ ನೋಡಬೇಕು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್' ಎಂಬ ಆದೇಶ ಕೊಟ್ಟರೆ ಅದು ಕಾಣುತ್ತದೆ. 'ಡೀಫಾಲ್ಟ್ ಗೇಟ್‌ವೇ' ಎಂಬ ಸಾಲಿನಲ್ಲಿರುವುದು ಸಾಮಾನ್ಯವಾಗಿ ಮುಖ್ಯ ಪೆಟ್ಟಿಗೆಯ ವಿಳಾಸ. ನಮ್ಮ ವಿಳಾಸ 169.254ರಿಂದ ಆರಂಭವಾಗಿದ್ದರೆ, ವಿಳಾಸ ಹಂಚುವವರು ಯಾರೂ ಸಿಗಲಿಲ್ಲವೆಂದು ಅರ್ಥ. ತಂತಿಯನ್ನೋ ವೈ-ಫೈ ಸಂಪರ್ಕವನ್ನೋ ಪರೀಕ್ಷಿಸಿ.

ನಮ್ಮದು 192.168.1.5, ಹೊಸ ಅಡಾಪ್ಟರಿನದು 192.168.0.1 ಎಂದುಕೊಳ್ಳಿ. ಎರಡೂ ಬೇರೆ ಬೇರೆ ಬೀದಿಗಳು; ನೇರ ದಾರಿಯಿಲ್ಲ. ಕಂಪ್ಯೂಟರನ್ನು ಅಡಾಪ್ಟರಿಗೆ ಮಾತ್ರ ತಂತಿಯಿಂದ ಜೋಡಿಸಿ, ತಾತ್ಕಾಲಿಕವಾಗಿ 192.168.0.10 ಎಂಬ ವಿಳಾಸವನ್ನೂ 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನೂ ಕೊಟ್ಟರೆ ಪುಟ ತೆರೆದೀತು. ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡಲು ಮರೆಯಬಾರದು. ಕೆಲವು ಅಡಾಪ್ಟರುಗಳು ಮುಖ್ಯ ಪೆಟ್ಟಿಗೆಯಿಂದಲೇ ವಿಳಾಸ ಪಡೆಯುತ್ತವೆ. ಆಗ ಅವುಗಳ ವಿಳಾಸವನ್ನು ಮುಖ್ಯ ಪೆಟ್ಟಿಗೆಯ ಪುಟದಲ್ಲಿರುವ ಪಟ್ಟಿಯಲ್ಲಿ ಹುಡುಕಬೇಕು.

ಎರಡು ಪೆಟ್ಟಿಗೆಗಳಿಗೂ 192.168.1.1 ಎಂಬ ಒಂದೇ ವಿಳಾಸವಿದ್ದರೆ? ಕಂಪ್ಯೂಟರು '192.168.1.1 ಯಾರು?' ಎಂದು ಮನೆಯ ಜಾಲಕ್ಕೆಲ್ಲ ಕೂಗಿ ಕೇಳುತ್ತದೆ. ಇಬ್ಬರೂ 'ನಾನು' ಎನ್ನುತ್ತಾರೆ. ಒಮ್ಮೆ ಒಂದರ ಪುಟ, ಇನ್ನೊಮ್ಮೆ ಮತ್ತೊಂದರದು, ಕೆಲವೊಮ್ಮೆ ಯಾವುದೂ ಇಲ್ಲ. 1994ರ ಆಕ್ಷೇಪಕರು ಕೇಳಿದ ಪ್ರಶ್ನೆ ನಮ್ಮ ಮನೆಯೊಳಗೇ ಎದುರಾದಂತಾಯಿತಲ್ಲವೆ! ಒಂದನ್ನು ಆರಿಸಿ, ಇನ್ನೊಂದರ ಪುಟ ತೆರೆದು, ಬೇರೆ ಯಾವ ಯಂತ್ರಕ್ಕೂ ಇಲ್ಲದ ವಿಳಾಸ ಕೊಡುವುದೇ ಪರಿಹಾರ.

ವಿಳಾಸದಂತೆ ಗುಪ್ತಪದವೂ ಕಾರ್ಖಾನೆಯಿಂದಲೇ ಬರುತ್ತದೆ. ಬಹಳ ಪೆಟ್ಟಿಗೆಗಳಲ್ಲಿ ಬಳಕೆದಾರರ ಹೆಸರೂ 'ಅಡ್ಮಿನ್', ಗುಪ್ತಪದವೂ 'ಅಡ್ಮಿನ್' ಆಗಿತ್ತು. ಇದರ ಬೆಲೆ ತಿಳಿದದ್ದು 2017ರ ಜುಲೈನಲ್ಲಿ. ಗುಪ್ತಪದ ಬದಲಿಸದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ದುಷ್ಟ ತಂತ್ರಾಂಶವೊಂದು ನುಗ್ಗಿ ಸಾವಿರಾರು ಮೋಡೆಮ್‌ಗಳು ಕೆಟ್ಟುನಿಂತವು. ಕರ್ನಾಟಕದ ಬಳಕೆದಾರರೂ ತೊಂದರೆಗೆ ಸಿಕ್ಕಿದರು. ಗುಪ್ತಪದ ಬದಲಿಸಿಕೊಳ್ಳುವಂತೆ ಸಂಸ್ಥೆ ಗ್ರಾಹಕರನ್ನು ಕೋರಿತು.

ಖಾಸಗಿ ವಿಳಾಸವಿದ್ದರೂ ಹೊರಗಿನವರು ಒಳಬಂದದ್ದು ಹೇಗೆ? ಪೆಟ್ಟಿಗೆಗೆ ಎರಡು ಮುಖಗಳು. ಮನೆಯ ಕಡೆಗಿನ ಮುಖಕ್ಕೆ ಖಾಸಗಿ ವಿಳಾಸ, ಹೊರಗಿನ ಮುಖಕ್ಕೆ ಇನ್ನೊಂದು. ಹೊರಮುಖದಲ್ಲೂ ಆಡಳಿತದ ಬಾಗಿಲು ತೆರೆದಿದ್ದರೆ, ಎಲ್ಲರಿಗೂ ಗೊತ್ತಿರುವ ಬೀಗದಕೈಯಿಂದ ಯಾರು ಬೇಕಾದರೂ ಒಳಬರಬಹುದು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದವಿಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ಕಾನೂನಿನಲ್ಲೇ ನಿಷೇಧಿಸಿದೆ.

ಶಿಕ್ಷಕರು ಶಾಲೆಯ ಪ್ರಯೋಗಾಲಯದ ಎರಡು ಕಂಪ್ಯೂಟರುಗಳ ವಿಳಾಸಗಳನ್ನು ಮಕ್ಕಳಿಂದ ಓದಿಸಿ, ಅವರ ಮನೆಯ ವಿಳಾಸದೊಂದಿಗೆ ಹೋಲಿಸಲು ಹೇಳಬಹುದು. ಎಷ್ಟೋ ಮನೆಗಳಲ್ಲಿ ಅದೇ 192.168 ಕಂಡೀತು. ಏಕೆಂದು ವಿವರಿಸಬಲ್ಲ ವಿದ್ಯಾರ್ಥಿ ತೆರೆಯದ ಪುಟಕ್ಕೆ ಹೆದರುವುದಿಲ್ಲ. ಪುಟ ತೆರೆದ ಮೇಲೆ ಮೊದಲು ಗುಪ್ತಪದ ಬದಲಿಸಲು ಮರೆಯುವುದೂ ಇಲ್ಲ.