ಕೋವಿ ಒದ್ದರೆ ಮನುಷ್ಯ ಹಿಂದಕ್ಕೆ ಹಾರಿ ಬೀಳುತ್ತಾನೆಯೇ? ಹೊಸಬರ ಭುಜ ನೋಯುವುದಕ್ಕೆ ನಿಜವಾದ ಕಾರಣವೇನು?

ಈ ಬಗೆಯ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ತೋಟದಲ್ಲೋ ಮೈದಾನದಲ್ಲೋ ಹೊಸಬರೊಬ್ಬರ ಕೈಗೆ ಕೋವಿ ಕೊಡುತ್ತಾರೆ. ಢಂ ಎನ್ನುತ್ತಲೇ ಕೋವಿ ಒಂದು ಕಡೆ, ಹೊಡೆದವರು ಇನ್ನೊಂದು ಕಡೆ. ಸುತ್ತ ನಿಂತವರಿಗೆ ನಗುವೋ ನಗು. ಬಿದ್ದವರು ಹೆಣ್ಣುಮಗಳಾದರಂತೂ "ಇದಕ್ಕೆಲ್ಲ ಗಟ್ಟಿ ದೇಹ ಬೇಕು" ಎಂಬ ಸಾಲು ಸೇರಿಕೊಂಡು ಫಾರ್ವರ್ಡ್ ಆಗುತ್ತದೆ.

ಗಟ್ಟಿ ದೇಹ ಬೇಕೆಂಬ ಮಾತು ತಪ್ಪು. ಬಿದ್ದವರನ್ನು ಬೀಳಿಸಿದ್ದು ಬಹುಪಾಲು ಕೋವಿಯಲ್ಲ, ಅವರು ನಿಂತ ರೀತಿ. ಅದನ್ನು ಹೇಳಿಕೊಡದೆ ಕೋವಿ ಕೊಟ್ಟವರದ್ದೇ ತಪ್ಪು. ಲೆಕ್ಕ ನೋಡೋಣ.

ಒದೆತ ಎಷ್ಟು?

ಕ್ಲೇ ಶೂಟಿಂಗ್ ಎಂದರೆ ಯಂತ್ರವು ಗಾಳಿಗೆ ಎಸೆಯುವ ತಟ್ಟೆಯನ್ನು ಛರ್ರೆ ಕೋವಿಯಿಂದ, ಅಂದರೆ ಶಾಟ್‌ಗನ್‌ನಿಂದ ಒಡೆಯುವ ಆಟ. ಕ್ಲೇ ಎಂಬ ಹೆಸರಿದ್ದರೂ ತಟ್ಟೆ ಈಗ ಮಣ್ಣಿನದಲ್ಲ; ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಮಾಡಿದ್ದು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದರ ಅಗಲ 110 ಮಿಲಿಮೀಟರ್. ತೋಟಾದೊಳಗಿನ ಛರ್ರೆ 24 ಗ್ರಾಂ ಮೀರಬಾರದು ಎಂಬುದು ಒಲಿಂಪಿಕ್ ನಿಯಮ.

ಈ 24 ಗ್ರಾಂ ಛರ್ರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮದಂತೆ ಅಷ್ಟೇ ಸಂವೇಗ ಕೋವಿಗೆ ಹಿಮ್ಮುಖವಾಗಿ ಸಿಗಬೇಕು. ಕೋವಿ 3.2 ಕಿಲೋ ಇದ್ದರೆ ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಅದೇ ತೋಟಾವನ್ನು 2.4 ಕಿಲೋದ ಹಗುರ ಕೋವಿಗೆ ಹಾಕಿದರೆ 4 ಮೀಟರ್. (ತೋಟಾದ ಮದ್ದಿನ ಅನಿಲ, ಛರ್ರೆಯ ಹಿಂದಿನ ಬಿರಡೆ ಸೇರಿದರೆ ಇನ್ನಷ್ಟು ಹೆಚ್ಚುತ್ತದೆ, ಲೆಕ್ಕ ಸುಲಭವಾಗಲೆಂದು ಅವನ್ನು ಬಿಟ್ಟಿದ್ದೇವೆ.)

ಅಲ್ಲಿಗೆ ಒಂದು ನಂಬಿಕೆ ಬಿತ್ತು. "ಹೊಸಬರಲ್ವಾ, ಹಗುರದ ಕೋವಿ ಕೊಡಿ" ಎನ್ನುವುದು ಒಳ್ಳೆಯ ಮನಸ್ಸಿನ ಕೆಟ್ಟ ಸಲಹೆ. ಹಗುರ ಕೋವಿ ಎತ್ತಲು ಸುಲಭ, ಆದರೆ ಒದೆಯುವುದು ಹೆಚ್ಚು. ಹಗುರ ಮಾಡಬೇಕಾದ್ದು ತೋಟಾವನ್ನು. 3.2 ಕಿಲೋದ ಅದೇ ಕೋವಿಗೆ 24 ಗ್ರಾಂ ಬದಲು 32 ಗ್ರಾಂ ತೋಟಾ ಹಾಕಿ ನೋಡಿ: ಛರ್ರೆ ಹೆಚ್ಚಿದ್ದು ಮೂರನೇ ಒಂದು ಭಾಗ ಮಾತ್ರ, ಕೋವಿ ಭುಜಕ್ಕೆ ತರುವ ಶಕ್ತಿ ಮಾತ್ರ 14 ಜೂಲ್‌ನಿಂದ 25 ಜೂಲ್ ದಾಟುತ್ತದೆ. ವೇಗ ಏರಿದರೆ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದಕ್ಕೇ ಹೀಗೆ.

ಇನ್ನು ಹಾರಿ ಬೀಳುವ ಮಾತು. ಅದೇ ಸಂವೇಗವನ್ನು 60 ಕಿಲೋ ತೂಕದ ಮನುಷ್ಯ ಮತ್ತು ಕೋವಿ ಒಟ್ಟಿಗೆ ಹೊತ್ತರೆ ಬರುವ ವೇಗ ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್. ನಾವು ಆರಾಮಾಗಿ ನಡೆಯುವ ವೇಗ ಇದರ ಎಂಟೊಂಬತ್ತು ಪಟ್ಟು. ಇಷ್ಟಕ್ಕೆ ಯಾರೂ ಹಾರುವುದಿಲ್ಲ. ಸಿನಿಮಾದಲ್ಲಿ ಗುಂಡು ತಿಂದ ಖಳ ಹತ್ತಡಿ ಹಿಂದಕ್ಕೆ ಹಾರುತ್ತಾನಲ್ಲ, ಅದು ನಿಜವಾಗಿದ್ದರೆ ಹೊಡೆದ ಹೀರೋ ಕೂಡ ಹಾಗೇ ಹಾರಬೇಕಿತ್ತು.

ಹಾಗಾದರೆ ಬೀಳುವುದೇಕೆ?

ಮೊದಲ ಸಲ ಕೋವಿ ಎತ್ತಿದವರು ಮುಂದಿನ ಭಾರವನ್ನು ಸರಿದೂಗಿಸಲು ಸೊಂಟದಿಂದ ಹಿಂದಕ್ಕೆ ವಾಲುತ್ತಾರೆ. ದೇಹದ ತೂಕ ಹಿಮ್ಮಡಿಯ ಮೇಲೆ ಬಂದು ನಿಂತಿರುತ್ತದೆ. ಸದ್ದಿಗೆ ಬೆಚ್ಚುವುದೂ ಸೇರಿದರೆ ಸಣ್ಣ ತಳ್ಳು ಸಾಕು. ಭುಜಕ್ಕೆ ಪೆಟ್ಟು ಬೀಳುವುದಕ್ಕೆ ಕಾರಣ ಬೇರೆ: ಒದೆತಕ್ಕೆ ಹೆದರಿ ಕೋವಿಯ ಹಿಡಿಯನ್ನು ಭುಜದಿಂದ ಒಂದೆರಡು ಬೆರಳು ದೂರ ಹಿಡಿಯುವುದು. ತಾಗಿಸಿ ಹಿಡಿದರೆ ಕೋವಿ ಮೈಯನ್ನು ತಳ್ಳುತ್ತದೆ. ಸಂದು ಬಿಟ್ಟರೆ ಅದೇ ಕೋವಿ ವೇಗ ಪಡೆದುಕೊಂಡು ಬಂದು ಗುದ್ದುತ್ತದೆ.

ಕಲಿಸುವವರು ಮೊದಲು ತಿದ್ದುವುದು ಕಾಲನ್ನು. ಬಲಗೈಯವರಾದರೆ ಎಡಗಾಲು ಮುಂದೆ, ಆ ಮಂಡಿ ಒಂಚೂರು ಸಡಿಲ, ತೂಕದ ಅರ್ಧಕ್ಕಿಂತ ಹೆಚ್ಚು ಆ ಕಾಲಿನ ಮೇಲೆ. ಮೂಗು ಮುಂಗಾಲಿನ ಬೆರಳುಗಳ ನೇರಕ್ಕೆ ಬಂದರೆ ಸರಿ. ಆಮೇಲೆ ಕೋವಿ ಕೆನ್ನೆಗೆ ಬರಬೇಕು, ಕೆನ್ನೆ ಕೋವಿಗೆ ಹೋಗಬಾರದು. ತಲೆ ಬಗ್ಗಿಸಿ ಹುಡುಕಿಕೊಂಡು ಹೋದವರಿಗೆ ಕೆನ್ನೆಯ ಮೂಳೆಗೆ ಏಟು ಗ್ಯಾರಂಟಿ. ಹಿಡಿ ಕೂರಬೇಕಾದ್ದು ಕುತ್ತಿಗೆಯ ಕೆಳಗಿನ ಅಡ್ಡ ಮೂಳೆಗೂ ತೋಳಿನ ಕೀಲಿಗೂ ನಡುವಿನ ಮೆತ್ತನೆಯ ಗುಳಿಯಲ್ಲಿ. ಮೊಣಕೈಯನ್ನು ತುಸು ಎತ್ತಿದರೆ ಆ ಗುಳಿ ಕೈಗೇ ಸಿಗುತ್ತದೆ. ಈಗಲೇ ಎದ್ದು ನಿಂತು, ಬರಿಗೈಯಲ್ಲಿ, ಮುಟ್ಟಿ ನೋಡಿ.

ನೀಲಿಗಟ್ಟಿದ ಜಾಗವೇ ತಪ್ಪನ್ನು ಹೇಳುತ್ತದೆ. ತೋಳಿನ ಮೇಲೆ ಕಲೆ ಬಿದ್ದಿದ್ದರೆ ಹಿಡಿ ಹೊರಗೆ ಜಾರಿದೆ. ಹಲವು ಸಲ ಹಿಡಿ ಉದ್ದವಾಗಿ, ಕಂಕುಳಲ್ಲಿ ಸಿಕ್ಕಿಕೊಂಡು ಹೀಗಾಗುತ್ತದೆ. ಹೆಬ್ಬೆರಳು ಬಂದು ಮೂಗಿಗೆ ತಾಗಿದರೆ ಹಿಡಿ ಗಿಡ್ಡ. ಆರಡಿ ಗಂಡಸಿನ ಅಳತೆಗೆ ಮಾಡಿದ ಕೋವಿಯನ್ನು ಐದಡಿಯ ಹುಡುಗಿಗೆ ಕೊಟ್ಟು "ನಿನ್ನ ಕೈಲಾಗಲ್ಲ" ಎನ್ನುವುದು, ಅಪ್ಪನ ಚಪ್ಪಲಿ ಹಾಕಿಸಿ ಓಡಲು ಹೇಳಿದ ಹಾಗೆ. ಒಲಿಂಪಿಕ್ ಟ್ರ್ಯಾಪ್‌ನ ಅರ್ಹತಾ ಸುತ್ತಿನಲ್ಲಿ ಈಗ ಹೆಂಗಸರಿಗೂ ಗಂಡಸರಷ್ಟೇ 125 ತಟ್ಟೆ, ಅದೇ 24 ಗ್ರಾಂ ತೋಟಾ. ಭಾರತದ ಶ್ರೇಯಸಿ ಸಿಂಗ್ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಬಲ್ ಟ್ರ್ಯಾಪ್ ಚಿನ್ನ ಗೆದ್ದವರು.

ಭುಜಕ್ಕಿಂತ ಮೊದಲು ಮಿದುಳು

ಛರ್ರೆ ನಳಿಗೆ ದಾಟುವ ಹೊತ್ತಿಗೆ ಕೋವಿ ಹಿಂದೆ ಸರಿದಿರುವುದು ಅರ್ಧ ಸೆಂಟಿಮೀಟರಿನಷ್ಟು ಮಾತ್ರ. ಒದೆತ ನಿಮ್ಮ ಅರಿವಿಗೆ ಬರುವಾಗ ಛರ್ರೆ ಆಗಲೇ ಹೊರಟುಹೋಗಿದೆ. ಅಂದರೆ ಗುರಿ ಕೆಡಿಸುವುದು ಬಿದ್ದ ಒದೆತವಲ್ಲ, ಬೀಳಲಿರುವ ಒದೆತದ ಭಯ. ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ತಾನು ಹೀಗೆ ಮಾಡುತ್ತಿದ್ದೇನೆಂದು ಹೊಡೆಯುವವರಿಗೆ ಗೊತ್ತೇ ಆಗುವುದಿಲ್ಲ, ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ಇದನ್ನು ಹಿಡಿಯಲು ಒಂದು ಸರಳ ಉಪಾಯವಿದೆ. ತರಬೇತುದಾರರು ನಿಜವಾದ ತೋಟಾಗಳ ನಡುವೆ, ಶೂಟರ್‌ಗೆ ಹೇಳದೆ, ಮದ್ದಿಲ್ಲದ ಡಮ್ಮಿ ಹಾಕುತ್ತಾರೆ. ಟಕ್ ಎಂದಾಗ ನಳಿಗೆ ಅಲುಗದಿದ್ದರೆ ಸರಿ. ಕೆಳಗೆ ಕುಕ್ಕಿದರೆ ರೋಗ ಸಿಕ್ಕಿತು. ಆಗ ಮದ್ದು ಇನ್ನಷ್ಟು ತೋಟಾ ಸುಡುವುದಲ್ಲ. ಆ ದಿನಕ್ಕೆ ನಿಲ್ಲಿಸುವುದು, ತೋಟಾ ಹಗುರ ಮಾಡುವುದು, ಕಿವಿಯ ರಕ್ಷಣೆ ಹೆಚ್ಚಿಸುವುದು.

ಕಿವಿ ಇಲ್ಲೇಕೆ ಬಂತು ಎನ್ನಬಹುದು. ನಾವು ಒದೆತ ಎಂದು ಅನುಭವಿಸುವುದರಲ್ಲಿ ಒಂದು ಪಾಲು ಸದ್ದಿನದೇ. ಶಾಟ್‌ಗನ್ ಸದ್ದು 140 ಡೆಸಿಬಲ್ ಮೀರುತ್ತದೆ. ಆ ಮಟ್ಟದ ಒಂದೇ ಸ್ಫೋಟ ಒಳಗಿವಿಗೆ ಶಾಶ್ವತ ಹಾನಿ ಮಾಡಬಹುದು. ಹತ್ತಿ ತುರುಕಿಕೊಂಡರೆ ಸಾಲದು, ಸರಿಯಾದ ಇಯರ್‌ಮಫ್ ಬೇಕು. ಅದನ್ನು ಹಾಕಿದ ಮೇಲೆ ಅದೇ ಕೋವಿ ಮೆತ್ತಗಾದಂತೆ ಅನಿಸುತ್ತದೆ.

ಕೊಡಗಿನಲ್ಲಿ ಕೈಲ್ ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ, ಅವುಗಳ ವಿಡಿಯೋಗಳೂ ನಮ್ಮ ಮೊಬೈಲ್‌ಗಳಿಗೆ ಬರುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಉಳಿದ ನಮಗೆ ಅದು ಇಲ್ಲ. ವಿಡಿಯೋ ನೋಡಿ ಯಾರದೋ ತೋಟದಲ್ಲಿ ಪ್ರಯೋಗಕ್ಕಿಳಿಯುವಂತಿಲ್ಲ; ಮಾನ್ಯತೆ ಇರುವ ಶೂಟಿಂಗ್ ರೇಂಜ್‌ನಲ್ಲಿ, ತರಬೇತುದಾರರ ಪಕ್ಕದಲ್ಲೇ ಕಲಿಯಬೇಕು.

ಆ ನಗೆಯ ವಿಡಿಯೋಗಳಲ್ಲಿ ನಮಗೆ ನಿಜಕ್ಕೂ ಭಯ ಹುಟ್ಟಿಸುವುದು ಬೀಳುವ ಮನುಷ್ಯನಲ್ಲ, ಕೈಜಾರಿ ತಿರುಗುವ ನಳಿಗೆ. ಜೋಡಿನಳಿಗೆಯಾದರೆ ಎರಡನೇ ತೋಟಾ ಇನ್ನೂ ಒಳಗೇ ಇರಬಹುದು, ನಗುವವರು ಅದರ ಎದುರಿಗೇ ನಿಂತಿರಬಹುದು. ಅದಕ್ಕೇ ಒಳ್ಳೆಯ ರೇಂಜ್‌ಗಳಲ್ಲಿ ಹೊಸಬರಿಗೆ ಒಂದು ಸಲಕ್ಕೆ ಒಂದೇ ತೋಟಾ.

ಮೊದಲ ದಿನ ಭುಜ ಸ್ವಲ್ಪ ಕೆಂಪಾಗುವುದು, ಮುಟ್ಟಿದರೆ ನೋಯುವುದು ಸಹಜ. ತಣ್ಣನೆಯ ಬಟ್ಟೆ ಇಡಿ. ಬಿಸಿ ಎಣ್ಣೆ ಹಾಕಿ ತಿಕ್ಕುವುದು ಹೊಸ ರಕ್ತಗಂಟಿಗೆ ಒಳ್ಳೆಯದಲ್ಲ. ಕೈ ಮೇಲೆತ್ತಲು ಆಗದಿದ್ದರೆ, ಬೆರಳು ಜೋಮು ಹಿಡಿದರೆ, ಕಿವಿಯಲ್ಲಿ ಗುಂಯ್‌ಗುಡುವಿಕೆ ಮರುದಿನವೂ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಕೋವಿ ಮುಟ್ಟುವ ಮೊದಲೇ ಹೃದ್ರೋಗ ತಜ್ಞರನ್ನು ಕೇಳಬೇಕು. ಅದು ಕೂತಿರುವ ಪಕ್ಕದ ಭುಜಕ್ಕೇ ಒದೆತ ಬಿದ್ದು ತಂತಿ ಹಾಳಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ.